ಸಭೆಯೂ ಸಭಾಗೃಹವೂ

ಕಾಫಿಯ ಕೊಯ್ಲು, ಕರಿಮೆಣಸಿನ ಧಾರಣೆ, ಮಕ್ಕಳ ಪರೀಕ್ಷೆ, ನಂಟರ ಮನೆಯ ಮದುವೆ—ಇವೇ ದಿನದಿನದ ಮಾತುಗಳಾಗಿರುವ ನಮ್ಮ ಕೊಡಗಿನ ಮನೆಗಳಲ್ಲಿ ಕುಳಿತು, ಇಂಜನಿಯರುಗಳ ಸಭೆಯೊಂದು ತನ್ನ ಪ್ರಾಂತೀಯ ಗೃಹದ ಬಾಗಿಲನ್ನು ಮುಚ್ಚುವ ವಿಷಯವನ್ನು ಓದುವುದರಿಂದ ಆಗುವ ಪ್ರಯೋಜನವೇನೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ ಆಗಿದೆ. ಆದರೆ ಮನೆಗೊಬ್ಬ ಯೋಧನೆಂದು ಹೇಳಿಕೊಳ್ಳುತ್ತಿದ್ದ ಈ ನಾಡಿನಲ್ಲಿ ಈಗ ಮನೆಗೊಬ್ಬ ಇಂಜನಿಯರೂ ಇರುವನೆಂದರೆ ಅದು ಅತಿಶಯೋಕ್ತಿಯಾದರೂ ಬಹು ದೊಡ್ಡ ಅತಿಶಯೋಕ್ತಿಯಲ್ಲ. ಕುಶಾಲನಗರದಲ್ಲಿ ಸರಕಾರಿ ಪಾಲಿಟೆಕ್ನಿಕ್ ಇದೆ. ೨೦೦೭ರಿಂದ ಅಲ್ಲಿಯೇ ಸರಕಾರಿ ಇಂಜನಿಯರಿಂಗ್ ಕಾಲೇಜೂ ನಡೆಯುತ್ತಿದೆ. ಪೊನ್ನಂಪೇಟೆಯಲ್ಲಿ ಮತ್ತೊಂದು ಕಾಲೇಜಿದೆ. ಅಲ್ಲಿ ಕಲಿತ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಬೆಂಗಳೂರಿಗೂ ಸಮುದ್ರದಾಚೆಗೂ ಹೋಗಿ ನೆಲಸಿರುವರು. ಇವರಲ್ಲಿ ಅನೇಕರು ತಮ್ಮ ವೃತ್ತಿಗೆ ಸಂಬಂಧಿಸಿದ ಯಾವುದಾದರೊಂದು ಸಭೆಗೆ ಸೇರಿ, ವರ್ಷಕ್ಕೊಮ್ಮೆ ಚಂದಾ ಸಲ್ಲಿಸಿ, ತಮ್ಮ ಹೆಸರಿನ ಮುಂದೆ ನಾಲ್ಕಾರು ಅಕ್ಷರಗಳನ್ನು ಬರೆದುಕೊಳ್ಳುತ್ತಾರೆ. ಆ ಅಕ್ಷರಗಳನ್ನು ಗೋಡೆಯ ಮೇಲಣ ಚೌಕಟ್ಟಿನಲ್ಲಿ ಕಂಡು ತಾಯಿತಂದೆಗಳು ಹಿಗ್ಗುವುದೂ ಉಂಟು. ಅವುಗಳ ಹಿಂದೆ ಎಲ್ಲಿಯೋ ಒಂದು ಮನೆ ಇದೆಯೆಂಬುದು ಆ ಮನೆಯನ್ನು ಮಾರುವರೆಂಬ ಸುದ್ದಿ ಬಂದಾಗಲೇ ಹಲವರಿಗೆ ತಿಳಿಯುವುದು.

ಸಂಸ್ಕೃತದಲ್ಲಿ ಸಭಾ ಎಂಬ ಶಬ್ದಕ್ಕೆ ಎರಡರ್ಥಗಳುಂಟು. ಒಂದು, ಕೂಡಿದ ಜನಸಮೂಹ. ಇನ್ನೊಂದು, ಅವರು ಕೂಡುವ ಶಾಲೆ, ಎಂದರೆ ಮನೆ. ಪಾಣಿನಿ ಮಹರ್ಷಿಯು ಇವೆರಡನ್ನೂ ಬೆರೆಯಗೊಡಲಿಲ್ಲ. ತತ್ಪುರುಷ ಸಮಾಸದ ಕೊನೆಯಲ್ಲಿ ಸಭಾ ಶಬ್ದವು ಬಂದು, ಅದಕ್ಕೆ ಮನೆಯೆಂಬ ಅರ್ಥವಿಲ್ಲದೆ ಸಮೂಹವೆಂಬ ಅರ್ಥವಿದ್ದರೆ, ಆ ಸಮಾಸವು ನಪುಂಸಕಲಿಂಗವಾಗಬೇಕೆಂದು ಆತನು ವಿಧಿಸಿರುವನು. ಸ್ತ್ರೀಯರ ಸಮೂಹವು ಸ್ತ್ರೀಸಭಮ್ ಎನಿಸುವುದು ಹೀಗೆ. ಮನೆಯೆಂಬ ಅರ್ಥವಿದ್ದಲ್ಲಿ ಈ ವಿಧಿಯು ಸಲ್ಲದೆಂಬುದಕ್ಕೆ ವ್ಯಾಖ್ಯಾನಕಾರರು ಕೊಡುವ ಪ್ರತ್ಯುದಾಹರಣೆ ಅನಾಥಸಭಾ—ದಿಕ್ಕಿಲ್ಲದವರಿಗೆ ಆಶ್ರಯವಾದ ಕುಟೀರ. ಸಮೂಹಕ್ಕೆ ಒಂದು ರೂಪ, ಮನೆಗೆ ಒಂದು ರೂಪ! ವ್ಯಾಕರಣದ ಈ ಸಣ್ಣ ಮಾತನ್ನು ಇಲ್ಲಿ ಎತ್ತಿದುದಕ್ಕೆ ಕಾರಣವುಂಟು. ಪ್ರಾಂತೀಯ ಗೃಹವನ್ನು ಮುಚ್ಚುವ ಆಡಳಿತದವರು, “ಸಭೆಯೆಂದರೆ ಸದಸ್ಯರೇ ಹೊರತು ಇಟ್ಟಿಗೆ ಗಾರೆಯಲ್ಲ” ಎನ್ನುವರು. ದೂರದೂರಿನ ಸದಸ್ಯರು, “ಮನೆಯೇ ಇಲ್ಲದಿದ್ದರೆ ನಾವು ಸೇರುವುದೆಲ್ಲಿ?” ಎನ್ನುವರು. ಒಂದೇ ಶಬ್ದವನ್ನು ಹಿಡಿದು ಇಬ್ಬರೂ ಎಳೆದಾಡುವರು. ಇಬ್ಬರ ಕೈಯಲ್ಲಿರುವ ಅರ್ಥ ಬೇರೆ ಬೇರೆ.

ಈ ಎಳೆದಾಟವು ಹೊಸದಲ್ಲ. ಇಂಗ್ಲೆಂಡಿನಲ್ಲಿ ರೈಲು ದಾರಿಗಳು ಹಬ್ಬುತ್ತಿದ್ದ ಕಾಲದಲ್ಲಿ, ೧೮೪೭ನೆಯ ಜನವರಿ ೨೭ರಂದು, ಬರ್ಮಿಂಗ್‌ಹ್ಯಾಮ್ ನಗರದ ಕರ್ಜನ್ ಸ್ಟ್ರೀಟ್ ರೈಲು ನಿಲ್ದಾಣಕ್ಕೆ ಸೇರಿದ ಕ್ವೀನ್ಸ್ ಹೋಟೆಲಿನಲ್ಲಿ ಕೆಲವು ಯಂತ್ರಕಾರರು ಕೂಡಿ ಮೆಕ್ಯಾನಿಕಲ್ ಇಂಜನಿಯರುಗಳ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಪ್ರಥಮಾಧ್ಯಕ್ಷನು ಜಾರ್ಜ್ ಸ್ಟೀಫನ್‌ಸನ್. ಕಲ್ಲಿದ್ದಲ ಗಣಿಯ ಯಂತ್ರಕ್ಕೆ ಬೆಂಕಿಯುರಿಸುವವನ ಮಗನಾಗಿ ಹುಟ್ಟಿ, ಹದಿನೆಂಟನೆಯ ವಯಸ್ಸಿನವರೆಗೆ ಓದುಬರಹವನ್ನರಿಯದೆ, ಅನಂತರ ಕೂಲಿಯ ಹಣದಲ್ಲಿ ರಾತ್ರಿಶಾಲೆಗೆ ಹೋಗಿ ಅಕ್ಷರ ಕಲಿತ ಮಹಾನುಭಾವನಿವನು. (ಉಪಾಧ್ಯಾಯರಾಗಿದ್ದವರಿಗೆ ಇಂಥ ಸಂಗತಿಗಳು ಎಲ್ಲಿ ಬಂದರೂ ಹೇಳದೆ ದಾಟುವುದು ಕಷ್ಟ.) ಲಂಡನ್ನಿನಲ್ಲಿ ಸಿವಿಲ್ ಇಂಜನಿಯರುಗಳ ಸಂಸ್ಥೆಯು ೧೮೧೮ರಿಂದಲೇ ಇದ್ದಿತು. ಆದರೂ ಇವರು ರಾಜಧಾನಿಯನ್ನು ನೆಚ್ಚದೆ ಬರ್ಮಿಂಗ್‌ಹ್ಯಾಮನ್ನೇ ಆರಿಸಿಕೊಂಡರೆಂಬುದು ಗಮನಿಸತಕ್ಕ ವಿಷಯ. ಕುಲುಮೆಗಳೂ ಕಾರ್ಖಾನೆಗಳೂ ಇದ್ದುದು ಅಲ್ಲಿ. ಕೈಗೆ ಎಣ್ಣೆಯ ಮಸಿ ಹತ್ತಿದವರಿದ್ದುದು ಅಲ್ಲಿ. ನ್ಯೂಹಾಲ್ ಬೀದಿಯಲ್ಲಿ ಸಂಸ್ಥೆಯ ಮನೆಯಾಯಿತು. ಆವಿಯಂತ್ರದ ಒಂದು ಹೊಸ ಬಗೆಯ ಕವಾಟವನ್ನು ಕಂಡುಹಿಡಿದವನು ಅದರ ನಕ್ಷೆಯನ್ನು ಮೇಜಿನ ಮೇಲೆ ಹರಡಿದರೆ, ಸುತ್ತಲೂ ನಿಂತವರಲ್ಲಿ ಅಂಥದೇ ಯಂತ್ರವನ್ನು ಬೆಳಗ್ಗೆಯಷ್ಟೇ ಬಿಚ್ಚಿ ಕಟ್ಟಿದವರು ಇರುತ್ತಿದ್ದಿರಬೇಕು.

ಮೂವತ್ತು ವರ್ಷಗಳಾದ ಮೇಲೆ, ೧೮೭೭ರಲ್ಲಿ, ಸಂಸ್ಥೆಯು ಬರ್ಮಿಂಗ್‌ಹ್ಯಾಮನ್ನು ಬಿಟ್ಟು ಲಂಡನ್ನಿಗೆ ಹೋಯಿತು. ಕಾರಣಗಳು ದುರ್ಬಲವಾದವುಗಳಲ್ಲ. ಸದಸ್ಯರು ದೇಶದಾದ್ಯಂತ ಹರಡಿದ್ದರು. ರೈಲು ದಾರಿಗಳೆಲ್ಲ ರಾಜಧಾನಿಯನ್ನು ಮುಟ್ಟುತ್ತಿದ್ದುವು. ಶಾಸನಗಳನ್ನು ಮಾಡುವವರೂ ದೊಡ್ಡ ಕೆಲಸಗಳನ್ನು ಕೊಡುವವರೂ ಅಲ್ಲಿಯೇ ಇದ್ದರು. ಸಂಸ್ಥೆಯೇನೂ ಇದರಿಂದ ಬಾಡಲಿಲ್ಲ. ೧೮೯೯ರಲ್ಲಿ ಬರ್ಡ್‌ಕೇಜ್ ವಾಕ್ ಎಂಬ ಬೀದಿಯಲ್ಲಿ ಪಾರ್ಲಿಮೆಂಟಿನ ಸಮೀಪದಲ್ಲಿ ಘನವಾದ ಸ್ವಂತ ಗೃಹವನ್ನೇ ಹೊಂದಿತು. ಆದರೆ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯವನಿಗೆ ಸಾಯಂಕಾಲ ಕೈತೊಳೆದುಕೊಂಡು ನಡೆದು ಹೋಗಬಹುದಾಗಿದ್ದ ಮನೆಯು ಅಂದಿನಿಂದ ರಜೆ ಹಾಕಿ ಟಿಕೀಟು ಕೊಂಡು ಹೋಗಬೇಕಾದ ಮನೆಯಾಯಿತು. ಸಂಸ್ಥೆಯ ಲೆಕ್ಕದ ಪುಸ್ತಕದಲ್ಲಿ ಈ ನಷ್ಟಕ್ಕೆ ಒಂದು ಕಲಮು ಇರುವುದಿಲ್ಲ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕಥೆ ಇನ್ನೂ ಒಂದು ಬಗೆಯದು. ಅಲ್ಲಿ ೧೮೫೭ರಲ್ಲಿ, ಉಷ್ಣಶಾಸ್ತ್ರದಲ್ಲಿ ಪ್ರಖ್ಯಾತನಾದ ರ್‍ಯಾಂಕಿನ್ ಎಂಬವನ ಅಧ್ಯಕ್ಷತೆಯಲ್ಲಿ ಇಂಜನಿಯರುಗಳ ಸಂಸ್ಥೆ ಹುಟ್ಟಿ, ಮುಂದೆ ಹಡಗು ಕಟ್ಟುವವರನ್ನೂ ಕೂಡಿಕೊಂಡಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಲ್ಮ್‌ಬ್ಯಾಂಕ್ ಕ್ರೆಸೆಂಟ್ ಎಂಬಲ್ಲಿ ಅವರು ತಮಗಾಗಿ ಭವನವನ್ನು ಕಟ್ಟಿಸಿದರು. ೧೯೧೨ರಲ್ಲಿ ಟೈಟಾನಿಕ್ ಹಡಗು ಮುಳುಗುವಾಗ ಕೊನೆಯ ತನಕ ಯಂತ್ರಗಳ ಬಳಿಯಲ್ಲಿಯೇ ನಿಂತು ದೀಪಗಳನ್ನು ಉರಿಯಿಸುತ್ತಿದ್ದ ಇಂಜನಿಯರುಗಳಲ್ಲಿ ಒಬ್ಬನೂ ಬದುಕಿ ಬರಲಿಲ್ಲವಷ್ಟೆ. ಅವರ ಸ್ಮಾರಕ ಫಲಕವನ್ನು ಆ ಭವನದಲ್ಲಿ ಇಡಲಾಯಿತು. ಮುಂದೆ ಕ್ಲೈಡ್ ನದಿಯ ದಡದ ಹಡಗುಕಟ್ಟೆಗಳು ಒಂದೊಂದಾಗಿ ನಿಂತುಹೋದುವು. ಭವನವು ಕೈ ಬದಲಾಯಿಸಿ ಸ್ಕಾಟಿಷ್ ಆಪೆರಾ ಎಂಬ ಗೀತನಾಟಕ ಮಂಡಲಿಗೆ ನೆಲೆಯಾಯಿತು. ಚಂದಾದಾರರ ಪಟ್ಟಿಯನ್ನು ಕಂಕುಳಲ್ಲಿ ಹೊತ್ತುಕೊಂಡು ಬೇರೆ ಬೀದಿಗೆ ಹೋಗಬಹುದು. ಗೋಡೆಯಲ್ಲಿ ನೆಟ್ಟ ಸ್ಮಾರಕವನ್ನು ಹಾಗೆ ಹೊರುವುದು ಸುಲಭವಲ್ಲ. ಅದೇ ನಗರದಲ್ಲಿ, ಟೆಲಿಗ್ರಾಫ್ ಇಂಜನಿಯರುಗಳು ೧೮೭೧ರಲ್ಲಿ ಆರಂಭಿಸಿದ ಸಂಘದ ಉತ್ತರಾಧಿಕಾರಿಯಾಗಿ ಈಗ ಐ. ಇ. ಟಿ. ಎಂಬ ಹೆಸರಿನಿಂದ ನಡೆಯುತ್ತಿರುವ ದೊಡ್ಡ ಸಂಸ್ಥೆಗೂ ಒಂದು ಪ್ರಾಂತೀಯ ಗೃಹವಿದ್ದಿತು. ಅದರ ಹೆಸರು ಟೀಚರ್ ಬಿಲ್ಡಿಂಗ್. ಇದನ್ನು ಕೇಳಿ, ಎಲ್ಲಿಯಾದರೂ ಒಂದು ಕಡೆ ಮೇಷ್ಟರಿಗೆ ಇಷ್ಟು ಮರ್ಯಾದೆ ಸಂದಿತಲ್ಲಾ ಎಂದು ನಾನು ಸಂತೋಷಪಟ್ಟೆನು. ಆದರೆ ಟೀಚರ್ ಎಂಬುದು ಆ ಮನೆಯ ಹಿಂದಿನ ಒಡೆಯರಾದ ವಿಸ್ಕಿ ವ್ಯಾಪಾರಿಗಳ ವಂಶನಾಮವಂತೆ! ಈ ಶತಮಾನದಲ್ಲಿ ಸಂಸ್ಥೆಯು ಅದನ್ನೂ ಬಿಟ್ಟಿತು.

ನಮ್ಮ ದೇಶಕ್ಕೆ ಬರೋಣ. ಇಂಜನಿಯರುಗಳ ಭಾರತೀಯ ಸಂಸ್ಥೆಯು, ಎಂದರೆ ಇನ್‌ಸ್ಟಿಟ್ಯೂಷನ್ ಆಫ್ ಇಂಜನಿಯರ್ಸ್ ಎಂಬುದು, ನೋಂದಣಿಯಾದುದು ೧೯೨೦ನೆಯ ಸೆಪ್ಟೆಂಬರ್ ೧೩ರಂದು, ನಮ್ಮ ಪಕ್ಕದ ಮದರಾಸಿನಲ್ಲಿ. ಆದರೆ ಮರುವರ್ಷವೇ ಅದರ ಉದ್ಘಾಟನೆಯು ವೈಸರಾಯ್ ಚೆಮ್ಸ್‌ಫರ್ಡರಿಂದ ಕಲ್ಕತ್ತೆಯಲ್ಲಿ ನಡೆಯಿತು. ಪ್ರಧಾನ ಕಚೇರಿಯೂ ಅಲ್ಲಿಯೇ ನೆಲಸಿತು. ೧೯೩೫ರಲ್ಲಿ ರಾಜಶಾಸನ ದೊರೆಯಿತು. ಇಷ್ಟು ದೊಡ್ಡ ದೇಶಕ್ಕೆ ಕಲ್ಕತ್ತೆಯೊಂದೇ ಸಾಲದೆಂಬುದನ್ನು ಅರಿತು ಆ ಸಂಸ್ಥೆಯು ಪ್ರಾಂತಗಳಲ್ಲಿಯೂ ಜಿಲ್ಲೆಯ ಊರುಗಳಲ್ಲಿಯೂ ಕೇಂದ್ರಗಳನ್ನು ತೆರೆಯಿತು. ಬೆಂಗಳೂರಿನ ಕೇಂದ್ರವು ವಿಧಾನಸೌಧದ ಸಮೀಪದಲ್ಲಿದೆ, ಮೈಸೂರಿನಲ್ಲಿಯೂ ಒಂದುಂಟು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಸೆಪ್ಟೆಂಬರ್ ೧೫ನ್ನು ಇಂಜನಿಯರುಗಳ ದಿನವೆಂದು ಇಂಥ ಕೇಂದ್ರಗಳಲ್ಲಿ ಆಚರಿಸುವುದನ್ನು ಪತ್ರಿಕೆಗಳಲ್ಲಿ ನೋಡುತ್ತೇವೆ.

ಇದಕ್ಕಿಂತ ಹೆಚ್ಚಾಗಿ ನಮ್ಮ ಬಡ ಮನೆಗಳಿಗೆ ಬೇಕಾಗಿದ್ದುದು ಆ ಸಂಸ್ಥೆಯು ನಡೆಸುತ್ತಿದ್ದ ಪರೀಕ್ಷೆ. ಡಿಪ್ಲೊಮಾ ಮುಗಿಸಿ ಸಣ್ಣ ಸಂಬಳಕ್ಕೆ ಸೇರಿದವನು ಕೆಲಸ ಬಿಡದೆ, ಕಾಲೇಜಿಗೆ ಶುಲ್ಕ ಕಟ್ಟದೆ, ರಾತ್ರಿಯಲ್ಲಿ ಓದಿಕೊಂಡು ಎ ವಿಭಾಗ, ಬಿ ವಿಭಾಗವೆಂಬ ಎರಡು ಮೆಟ್ಟಿಲುಗಳನ್ನು ಹತ್ತಿದರೆ, ಸರಕಾರವು ಅವನನ್ನು ಪದವೀಧರನಿಗೆ ಸಮಾನನೆಂದು ಒಪ್ಪುತ್ತಿತ್ತು. ಸ್ಟೀಫನ್‌ಸನ್ನನ ರಾತ್ರಿಶಾಲೆಗೆ ನಮ್ಮ ದೇಶದಲ್ಲಿದ್ದ ಸಮಾನವಸ್ತು ಇದು. ೨೦೧೨ನೆಯ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು, ೨೦೧೩ನೆಯ ಮೇ ೩೧ರ ವರೆಗೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಆ ಸಮಾನತೆಯು ಸಲ್ಲುವುದೆಂದು ಆಜ್ಞೆ ಮಾಡಿತು. ಇದು ಗೃಹವನ್ನು ಮುಚ್ಚಿದ ಮಾತಲ್ಲ. ಆದರೆ ಗೃಹದ ಹೊಸ್ತಿಲವರೆಗೆ ಬರುತ್ತಿದ್ದ ದಾರಿಯೊಂದು ಮುಚ್ಚಿದ ಮಾತು. ಓದುವ ಹುಡುಗರು ಬಾರದಿದ್ದರೆ ವಾಚನಾಲಯದ ದೀಪವನ್ನು ಯಾರಿಗಾಗಿ ಹಚ್ಚುವುದು? ಒಂದು ಮುಚ್ಚುವಿಕೆಯು ಇನ್ನೊಂದಕ್ಕೆ ಹೀಗೆ ಬೀಜವಾಗುತ್ತದೆ.

ನನ್ನ ಶಿಷ್ಯನೊಬ್ಬನ ಸಂಗತಿಯನ್ನು ಇಲ್ಲಿ ಹೇಳುವುದು ಅನುಚಿತವಾಗಲಾರದು. ತಾಯಿ ಕಾಫಿ ತೋಟದ ಕೂಲಿ, ಲೈನುಮನೆಯಲ್ಲಿ ವಾಸ. ಹುಡುಗನು ಡಿಪ್ಲೊಮಾ ಮುಗಿಸಿ ರಸ್ತೆಯ ಕೆಲಸವೊಂದರಲ್ಲಿ ಮೇಲ್ವಿಚಾರಕನಾದನು. ದೂರದ ಪಟ್ಟಣವೊಂದರಲ್ಲಿ ಅವನ ವೃತ್ತಿಯವರ ಸಂಘಕ್ಕೆ ಒಂದು ಮನೆಯಿತ್ತು. ಸಂಘದ ಹೆಸರು ಇಲ್ಲಿ ಬೇಡ. ಶನಿವಾರ ಕೆಲಸ ಬಿಟ್ಟು ಕಡೆಯ ಬಸ್ಸು ಹಿಡಿದು ಹೋಗಿ, ನಂಟರ ಮನೆಯ ಜಗಲಿಯಲ್ಲಿ ಮಲಗಿ, ಭಾನುವಾರವೆಲ್ಲ ಆ ಮನೆಯ ವಾಚನಾಲಯದಲ್ಲಿ ಕುಳಿತು ಓದಿ ರಾತ್ರಿ ಹಿಂದಿರುಗುವನು. ಪುಸ್ತಕಗಳಿಗಿಂತಲೂ ಅಲ್ಲಿಗೆ ಬರುತ್ತಿದ್ದ ನಿವೃತ್ತ ಇಂಜನಿಯರೊಬ್ಬರು ಅವನಿಗೆ ಹೆಚ್ಚಿನ ನಿಧಿಯಾದರು. ಲೆಕ್ಕದಲ್ಲಿ ಸಿಕ್ಕಿಕೊಂಡರೆ ಅವರು ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳುವರು; ಅರ್ಜಿಗೆ ಹಿರಿಯ ಸದಸ್ಯರ ಸಹಿ ಬೇಕಾದಾಗ ಸಹಿ ಹಾಕಿಕೊಟ್ಟವರೂ ಅವರೇ. ಹೀಗೆ ಮೂರು ವರ್ಷ ನಡೆಯಿತು. ಒಂದು ದಿನ ಅವನು ನನ್ನ ಮನೆಗೆ ಬಂದು ಸಂಘದ ಪತ್ರವನ್ನು ಕೈಗಿತ್ತನು. ಸದಸ್ಯರಿಗೆ ಮತ್ತಷ್ಟು ಉತ್ತಮ ಸೇವೆ ಸಲ್ಲಿಸುವ ಉದ್ದೇಶದಿಂದ ಆ ಊರಿನ ಗೃಹವನ್ನು ಮುಚ್ಚಲಾಗುವುದೆಂದೂ, ಇನ್ನು ಮುಂದೆ ಉಪನ್ಯಾಸಗಳನ್ನು ಮನೆಯಲ್ಲಿಯೇ ಕುಳಿತು ಕಂಪ್ಯೂಟರಿನಲ್ಲಿ ಕೇಳಬಹುದೆಂದೂ ಅದರಲ್ಲಿ ಬರೆದಿತ್ತು. “ಮೇಷ್ಟ್ರೇ, ಇದರಲ್ಲಿ ತಪ್ಪೇನೂ ಇಲ್ಲ. ನಮ್ಮ ಲೈನಿನಲ್ಲಿ ಮಳೆಗಾಲ ಪೂರ್ತಿ ಕರೆಂಟಿಲ್ಲ, ಅಷ್ಟೇ” ಎಂದನು. ಅವನ ತಾಯಿ ಕೇಳಿದ ಪ್ರಶ್ನೆ ಬೇರೆ: “ಆ ಹಿರಿಯರು ಇನ್ನು ಎಲ್ಲಿಗೆ ಹೋಗುತ್ತಾರೆ?”

ಆ ಪ್ರಶ್ನೆಗೆ ಉತ್ತರವು ಸಂಘದ ಪತ್ರದಲ್ಲಿರಲಿಲ್ಲ.

ಅದಂತಿರಲಿ. ಆಡಳಿತದವರ ಪಕ್ಷವನ್ನೂ ಕೇಳದೆ ತೀರ್ಪು ಕೊಡುವುದು ಧರ್ಮವಲ್ಲ. ಮನೆಯೆಂದರೆ ಮಾಡು ಸೋರುವುದು, ಗೋಡೆಗೆ ಸುಣ್ಣ ಬೇಕಾಗುವುದು, ಕಾವಲುಗಾರನಿಗೆ ಸಂಬಳ, ಪೌರಸಭೆಗೆ ತೆರಿಗೆ. ಇನ್ನೂರು ಜನಕ್ಕೆಂದು ಕಟ್ಟಿದ ಸಭಾಂಗಣದಲ್ಲಿ ಹದಿನೈದು ಜನ ಕುಳಿತಿರುತ್ತಾರೆ. ಆ ಹದಿನೈದರಲ್ಲಿ ಹತ್ತು ಮಂದಿ ಉಪನ್ಯಾಸದ ಅನಂತರ ಬರುವ ಕಾಫಿಗಾಗಿ ಬಂದವರು. ಒಂದು ದಿನವೂ ಆ ಹೊಸ್ತಿಲು ತುಳಿಯದ ಸಾವಿರಾರು ಜನರ ಚಂದಾ ಹಣದಿಂದ ಇದನ್ನು ನಡೆಸಬೇಕೇ ಎಂದು ಕೋಶಾಧಿಕಾರಿಯು ಕೇಳಿದರೆ ಅವನನ್ನು ದುಷ್ಟನೆನ್ನಲಾಗದು. ಇಂಥ ಸುದ್ದಿ ಬಂದಾಗ ಬಹಳ ಗಟ್ಟಿಯಾಗಿ ಕೂಗುವವರು ಎಷ್ಟೋ ವೇಳೆ ಆ ಮನೆಗೆ ಹೋಗದೆ ಹತ್ತು ವರ್ಷವಾದವರೇ ಆಗಿರುತ್ತಾರೆ. ೨೦೨೦ರ ಮಹಾಮಾರಿಯ ಕಾಲದಲ್ಲಿ ಎಲ್ಲರೂ ಮನೆಯೊಳಗೆ ಕುಳಿತೇ ಸಭೆ ನಡೆಸುವುದನ್ನು ಕಲಿತರು. ಕಲಿತ ಮೇಲೆ ಕೋಶಾಧಿಕಾರಿಯ ವಾದಕ್ಕೆ ಬಲ ಬಂದಿತು. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಉಪನ್ಯಾಸ ಕೇಳಬಹುದಾದ ತಾಯಿಗೆ, ಸಂಜೆಯ ಸಭೆಗೆ ಒಬ್ಬಳೇ ಹೋಗಲಾಗದ ಹೆಣ್ಣುಮಗಳಿಗೆ, ಅದರಿಂದ ನಿಜವಾದ ಉಪಕಾರವೇ ಆಗಿದೆ. ಈ ಮಾತನ್ನು ನಮ್ಮಂಥ ಮುದುಕರು ಅಲ್ಲಗಳೆಯಬಾರದು.

ಹಾಗಾದರೆ ಕಳೆದುಹೋಗುವುದು ಯಾವುದು? ಇದನ್ನು ತಿಳಿಯಲು ಕೊಡಗಿನವರು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ೧೯೫೨ರ ಚುನಾವಣೆಯಿಂದ ನಮಗೆ ೨೪ ಸದಸ್ಯರ ವಿಧಾನಸಭೆಯಿತ್ತು, ಚೆಪ್ಪುಡೀರ ಪೂಣಚ್ಚನವರು ಮುಖ್ಯಮಂತ್ರಿಗಳಾಗಿದ್ದರು, ಮಡಿಕೇರಿಯು ರಾಜಧಾನಿ. ೧೯೫೬ನೆಯ ನವೆಂಬರ್ ೧ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿ ಒಂದು ಜಿಲ್ಲೆಯಾಯಿತು. ಅದರಿಂದಾದ ಲಾಭನಷ್ಟಗಳ ವಿಚಾರವು ಈ ಲೇಖನಕ್ಕೆ ಸೇರಿದುದಲ್ಲ; ಲಾಭವಾಗಿಲ್ಲವೆಂದು ಹೇಳುವವನೂ ನಾನಲ್ಲ. ಆದರೆ ಹಳಬರು ಹೇಳುತ್ತಿದ್ದ ಒಂದು ಮಾತುಂಟು: ಮೊದಲು ಹೊಳೆಗೆ ಕಾಲುಸೇತುವೆ ಬೇಕೆಂದರೆ ಬೆಳಗ್ಗೆ ಮನೆ ಬಿಟ್ಟು ಮಡಿಕೇರಿಗೆ ಹೋಗಿ, ಅದೇ ಹೊಳೆಯನ್ನು ಕಣ್ಣಾರೆ ಕಂಡಿದ್ದವರಿಗೆ ಹೇಳಿ ಸಂಜೆಗೆ ಹಿಂದಿರುಗಬಹುದಿತ್ತು, ಅನಂತರ ಆ ಹೊಳೆಯ ಹೆಸರನ್ನು ಕಾಗದದಲ್ಲಿ ಮಾತ್ರ ಓದಿದವರ ಬಳಿಗೆ ಬೆಂಗಳೂರಿಗೆ ಹೋಗಬೇಕಾಯಿತು. ಇಂದಿಗೂ ರೈಲಿಲ್ಲದ ಜಿಲ್ಲೆ ನಮ್ಮದು. ದೂರವೆಂದರೇನೆಂಬುದು ನಮಗೆ ಪುಸ್ತಕದಿಂದ ತಿಳಿಯಬೇಕಾಗಿಲ್ಲ.

ಇಂಜನಿಯರುಗಳ ವಿಷಯದಲ್ಲಿ ಈ ದೂರವು ಪ್ರಾಣದ ಮಾತಾಗಬಲ್ಲುದು. ೨೦೧೮ನೆಯ ಆಗಸ್ಟಿನಲ್ಲಿ, ಕಕ್ಕಡದ ಮಳೆಯು ಮುಗಿಯಬೇಕಾದ ಹೊತ್ತಿಗೆ, ಮಡಿಕೇರಿಯ ಸುತ್ತಮುತ್ತಲ ಬೆಟ್ಟಗಳು ಕರಗಿ ಇಳಿದುದನ್ನು ನಾವಾರೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲಗಳ ಹೆಸರು ದೇಶಕ್ಕೆಲ್ಲ ತಿಳಿಯಿತು. ಮಂಗಳೂರಿನ ಹೆದ್ದಾರಿ ಕಡಿದುಹೋಯಿತು. ೨೦೨೦ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಜರಿಯಿತು. ಅತಿಯಾದ ಮಳೆಯ ಜೊತೆಗೆ, ರಸ್ತೆಗೂ ಮನೆಗೂ ಬೆಟ್ಟದ ಮೈಯನ್ನು ನೆಟ್ಟಗೆ ಕಡಿದುದೂ ೨೦೧೮ರ ಅನರ್ಥಕ್ಕೆ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ನಮ್ಮಲ್ಲಿ ಬರೆ ಕುಸಿಯುವ ರೀತಿಯನ್ನು ಯಾವ ಮೇಸ್ತ್ರಿಯೂ ಬಲ್ಲ. ಮಣ್ಣು ಒಣಗಿದ್ದಾಗ ತಡೆಗೋಡೆಯು ಮಣ್ಣನ್ನಷ್ಟೇ ಹೊರುತ್ತದೆ. ಮಳೆ ಹಿಡಿದರೆ ಮಣ್ಣಿನೊಳಗೆ ನಿಂತ ನೀರು ಗೋಡೆಯನ್ನು ಹಿಂದಿನಿಂದ ನೂಕುತ್ತದೆ. ಆ ನೀರು ಹೊರಬೀಳಲೆಂದೇ ಗೋಡೆಯಲ್ಲಿ ಸಣ್ಣ ಸಣ್ಣ ಕಂಡಿಗಳನ್ನು ಬಿಡುವುದು, ಗೋಡೆಯ ಬೆನ್ನಿಗೆ ಜಲ್ಲಿಯನ್ನು ತುಂಬುವುದು. ಕಂಡಿ ಕಟ್ಟಿಕೊಂಡರೆ ಎಷ್ಟು ದಪ್ಪನೆಯ ಗೋಡೆಯೂ ಒಂದು ರಾತ್ರಿಯಲ್ಲಿ ಹೊಟ್ಟೆಯುಬ್ಬಿ ಬೀಳಬಹುದು. ಪುಸ್ತಕದಲ್ಲಿ ಇಷ್ಟೆಲ್ಲ ಇದೆ. ಯಾವ ಊರಿ‌ನ ಮಣ್ಣು ಜೇಡಿ, ಯಾವ ಬರೆಯ ನೆತ್ತಿಯಲ್ಲಿ ಹಳೆಯ ಗದ್ದೆಯ ಕಾಲುವೆಯೊಂದು ಮುಚ್ಚಿಹೋಗಿದೆ, ಯಾವ ಮೋರಿಯನ್ನು ಕಾಡುಮರದ ಬೇರು ಕಟ್ಟಿದೆ—ಇದು ಪುಸ್ತಕದಲ್ಲಿಲ್ಲ. ಇದು ಇಪ್ಪತ್ತು ಮಳೆಗಾಲ ಇಲ್ಲಿ ಕಳೆದ ಓವರ್ಸಿಯರನ ತಲೆಯಲ್ಲಿದೆ. ಅವನ ಬಳಿ ಹೊಸ ಪದವೀಧರೆಯೊಬ್ಬಳು ಕುಳಿತು, ನಡುವೆ ಒಂದು ನಕ್ಷೆಯಿದ್ದರೆ, ಆ ಅರಿವು ಒಂದು ತಲೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಅದಕ್ಕೆ ದೊಡ್ಡ ಭವನವು ಬೇಡ. ಮೇಜೊಂದು ಬೇಕು, ಯಾರೂ ಎಬ್ಬಿಸದ ಕುರ್ಚಿಗಳು ಬೇಕು, ಇಂಥ ದಿನ ಇಲ್ಲಿ ಜನ ಇರುತ್ತಾರೆಂಬ ಭರವಸೆ ಬೇಕು. ಕಂಪ್ಯೂಟರಿನ ಉಪನ್ಯಾಸದಲ್ಲಿ ವಿದ್ಯೆಯು ಬರುತ್ತದೆ. ಕೇಳಬೇಕೆಂದು ತನಗೇ ತಿಳಿಯದಿದ್ದ ಪ್ರಶ್ನೆಗೆ ಪಕ್ಕದವನಿಂದ ಬರುವ ಉತ್ತರವು ಅಲ್ಲಿ ಬರುವುದು ವಿರಳ.

ಐನ್‌ಮನೆಗಳ ಸ್ಥಿತಿಯನ್ನು ಬಲ್ಲವರಿಗೆ ಈ ವಾದವಿವಾದಗಳೆಲ್ಲ ಪರಿಚಿತವಾದವುಗಳೇ. ಒಕ್ಕದ ಜನರು ಬೆಂಗಳೂರಿಗೆ, ಮೈಸೂರಿಗೆ, ಅಮೆರಿಕೆಗೆ ಚದುರಿಹೋದರು; ಮಾಡು ಹೊದಿಸಲು ಹಣ ಕೊಡುವವರಾರು, ನೆಲ್ಲಕ್ಕಿಯ ದೀಪ ಹಚ್ಚುವವರಾರು ಎಂಬ ಪ್ರಶ್ನೆ ಅನೇಕ ಒಕ್ಕಗಳಲ್ಲಿ ಎದ್ದಿದೆ. “ಒಕ್ಕವೆಂದರೆ ಜನ, ಮನೆಯಲ್ಲ” ಎಂದು ಅಲ್ಲಿಯೂ ಹೇಳುವವರಿದ್ದಾರೆ. ಆದರೂ ಎಷ್ಟೋ ಒಕ್ಕಗಳು ಆ ಮನೆಯನ್ನು ದಿನವಾಸಕ್ಕೆ ಉಪಯೋಗಿಸದಿದ್ದರೂ ಬಿಟ್ಟುಕೊಟ್ಟಿಲ್ಲ. ವರ್ಷಕ್ಕೊಮ್ಮೆ ಕಾರಣರಿಗೆ ಎಡೆಯಿಡಲು, ಪುತ್ತರಿಯ ಕದಿರನ್ನು ಒಳಗೆ ತರಲು, ಎಲ್ಲರೂ ಅಲ್ಲಿಗೆ ಬರುತ್ತಾರೆ. ಖರ್ಚನ್ನು ಹಂಚಿಕೊಳ್ಳುತ್ತಾರೆ, ಜಗಳವಾಡುತ್ತಾರೆ, ಮತ್ತೆ ಹಂಚಿಕೊಳ್ಳುತ್ತಾರೆ. ಇಲ್ಲಿ ನನ್ನ ಗಮನವನ್ನು ಸೆಳೆಯುವುದು ಭಕ್ತಿಯಲ್ಲ, ಕ್ರಮ. ಐನ್‌ಮನೆಯ ವಿಷಯದಲ್ಲಿ ಪಟ್ಟೆದಾರನೊಬ್ಬನೇ ತೀರ್ಮಾನಿಸಿ ಉಳಿದವರಿಗೆ ಪತ್ರ ಬರೆಯುವುದನ್ನು ಒಕ್ಕವು ಒಪ್ಪುವುದಿಲ್ಲ. ಎಲ್ಲರೂ ಕೂಡಿ, ಅದೇ ಮನೆಯ ಜಗಲಿಯಲ್ಲಿ ಕುಳಿತು, ಮಾತಾಡಬೇಕು. ದೊಡ್ಡ ದೊಡ್ಡ ವೃತ್ತಿಸಭೆಗಳು ಗೃಹವನ್ನು ಮುಚ್ಚುವಾಗ ಸದಸ್ಯರಿಗೆ ಹೆಚ್ಚಾಗಿ ನೋವುಂಟುಮಾಡುವುದು ಮುಚ್ಚಿದುದಲ್ಲ. ಮುಚ್ಚಿದ ಮೇಲೆ ತಿಳಿಸಿದುದು.

ಕೊಡಗಿನಲ್ಲಿ ಈ ವಿಷಯಕ್ಕೆ ಈಗಲೇ ಮಾಡಬಹುದಾದ ಒಂದು ಕೆಲಸವು ನನಗೆ ತೋರುತ್ತದೆ. ಸೆಪ್ಟೆಂಬರಿನ ಮೊದಲಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಹೊರಗಿನ ಮಕ್ಕಳು ಊರಿಗೆ ಬರುತ್ತಾರೆ. ಹನ್ನೆರಡು ದಿನಗಳಲ್ಲಿ ವಿಶ್ವೇಶ್ವರಯ್ಯನವರ ಜನ್ಮದಿನ. ಆಯುಧಗಳನ್ನು ಪೂಜಿಸುವ ಹಬ್ಬಕ್ಕೂ ಇಂಜನಿಯರುಗಳ ದಿನಕ್ಕೂ ನಡುವೆ ಒಂದು ಭಾನುವಾರವು ಸಿಕ್ಕಿಯೇ ಸಿಗುತ್ತದೆ. ಆ ದಿನ ಕುಶಾಲನಗರದಲ್ಲಿಯೋ ಪೊನ್ನಂಪೇಟೆಯಲ್ಲಿಯೋ ಕಾಲೇಜಿನ ಒಂದು ಕೋಣೆಯನ್ನು ಕೇಳಿ ಪಡೆದು, ಯಾವ ಸಂಘದ ಚಂದಾದಾರನೆಂದು ವಿಚಾರಿಸದೆ, ಓವರ್ಸಿಯರುಗಳೂ ಮೇಸ್ತ್ರಿಗಳೂ ಪದವೀಧರರೂ ನಿವೃತ್ತರೂ ಕೂಡಬಹುದು. ದೂರದ ಊರುಗಳಲ್ಲಿ ವಾಚನಾಲಯಗಳನ್ನು ಮುಚ್ಚುವವರು ತಮ್ಮ ಹಳೆಯ ಸಂಚಿಕೆಗಳನ್ನು ರದ್ದಿಗೆ ಹಾಕುವ ಮೊದಲು ಆ ಕೋಣೆಗೆ ಒಂದು ಕಪಾಟು ತುಂಬುವಷ್ಟನ್ನು ಕಳುಹಿಸಿಕೊಡಬಹುದು. ಸಾಗಾಟದ ಖರ್ಚನ್ನು ನಾವೇ ಕೊಡೋಣ. ಚರ್ಚೆಗೆ ವಿಷಯವೇನೆಂದು ಹುಡುಕಬೇಕಾಗಿಲ್ಲ. ಆ ಹೊತ್ತಿಗೆ ಮಳೆ ಹಿಂದೆಗೆದಿರುತ್ತದೆ; ಯಾವ ತಡೆಗೋಡೆ ನಿಂತಿತು, ಯಾವುದು ಹೊಟ್ಟೆಯುಬ್ಬಿತು, ಎಲ್ಲಿಯ ಕಂಡಿಯಲ್ಲಿ ನೀರು ಬಂದಿತು, ಎಲ್ಲಿಯದು ಕಟ್ಟಿಕೊಂಡಿತ್ತು ಎಂಬುದನ್ನು ಪ್ರತಿಯೊಬ್ಬನೂ ತನ್ನ ಊರಿನಿಂದ ಬರೆದುಕೊಂಡು ಬಂದರೆ ಮೊದಲ ಭಾನುವಾರಕ್ಕೆ ಅಷ್ಟೇ ಸಾಕು.